ಹೊಸ ಧ್ವನಿಗೆ ಒಂದೇ ಸ್ಟಾರ್

ಆ ಮನೆಯಲ್ಲಿ ಭಾನುವಾರ ಬೆಳಗಿನ ಎರಡನೇ ಲೋಟ ಚಹಾ ಬಂತೆಂದರೆ ಎಲ್ಲೋ ಒಂದು ಯುದ್ಧ ಮುಗಿಯಿತೆಂದೇ ಅರ್ಥ. ಬೈಂಡರು ಕಿವಿಯಿಂದ ಇಯರ್‌ಫೋನ್ ಕಿತ್ತು, ವಯರನ್ನು ಹೊಲಿಗೆದಾರದಂತೆ ಬೆರಳಿಗೆ ಸುತ್ತಿ ಮೇಜಿನ ಮೇಲಿಟ್ಟು, "ಬಾ ಇಲ್ಲಿ, ಬರ್ಕೋ" ಎನ್ನುತ್ತಿದ್ದರು. ಅವರ ಹೆಂಡತಿ, ಮನೆಯ ಸೊಸೆಗೆ ಅತ್ತೆ, ಒದ್ದೆ ಕೈ ಒರೆಸಿಕೊಂಡು, ಕನ್ನಡಕ ಏರಿಸಿ, ಗಂಡನ ಮೊಬೈಲು ಹಿಡಿದು ಕೂರುತ್ತಿದ್ದರು. ನಲವತ್ತು ವರ್ಷ ಪುಸ್ತಕ ಹೊಲಿದು, ಗೋಂದು ಬಳಿದು, ರಟ್ಟು ಹಾಕಿದ ಬೈಂಡರ ಬೆರಳು ಮೊಬೈಲಿನಲ್ಲಿ ಒಂದು ಅಕ್ಷರ ಒತ್ತಿದರೆ ಮೂರು ಬೀಳುತ್ತಿದ್ದವು. ಹಾಗಾಗಿ ಅಭಿಪ್ರಾಯ ಅವರದು, ಬೆರಳು ಹೆಂಡತಿಯದು.

ಅಷ್ಟು ವರ್ಷ ಪುಸ್ತಕಗಳ ನಡುವೆಯೇ ಬದುಕಿದರೂ ಬೈಂಡರು ಒಂದನ್ನೂ ಓದಿದವರಲ್ಲ. ಬೆನ್ನು ಹೊಲಿಯುವವನಿಗೆ ಹೊಟ್ಟೆಯೊಳಗೆ ಏನಿದೆಯೆಂದು ನೋಡಲು ಪುರುಸೊತ್ತೆಲ್ಲಿ? ಐದು ವರ್ಷದ ಹಿಂದೆ ಮಗ ಅವರ ಮೊಬೈಲಿಗೆ ಕೇಳುವ ಪುಸ್ತಕಗಳ ಆ್ಯಪ್ ಹಾಕಿಕೊಟ್ಟ. ಕೈಗೆ ಕೆಲಸ, ಕಿವಿಗೆ ಕಥೆ. ಅಂದಿನಿಂದ ಅವರು ಹಿಡಿದದ್ದು ಮೂರೇ ದಾರಿ: ಯುದ್ಧ, ಸಾಹಸಯಾತ್ರೆ, ಇತಿಹಾಸ. ಅತ್ತೆ ಅವರಿಗೆ ದಂಡನಾಯಕರು ಎಂದು ಹೆಸರಿಟ್ಟಿದ್ದರು.

"ಸೋತ ಸೇನಾಪತಿ ಬರೆದ ಪುಸ್ತಕದಲ್ಲಿ ಯಾವಾಗ್ಲೂ ಮಳೆ ಜಾಸ್ತಿ," ಎಂದು ದಂಡನಾಯಕರು ಶುರುಮಾಡುತ್ತಿದ್ದರು. "ಗೆದ್ದೋನ ಪುಸ್ತಕದಲ್ಲಿ ಒಂದು ಹನಿ ಬೀಳಲ್ಲ. ಇಬ್ರೂ ನಿಂತಿದ್ದು ಒಂದೇ ಮೈದಾನದಲ್ಲಿ! ಬರ್ಕೊಂಡ್ಯಾ?"

"ಬರ್ಕೊಂಡೆ."

"ಇನ್ನು ಈ ಮರುಭೂಮಿ ದಾಟಿದೋನು. ಪುಸ್ತಕದ ತುಂಬ ನಾನು ನಡೆದೆ, ನಾನು ತಡೆದೆ. ನೀರು ಹೊತ್ತೋರು ಹದಿನೆಂಟು ಜನ. ಒಬ್ಬರಿಗೂ ಹೆಸರಿಲ್ಲ."

"ಹೊತ್ತೋರು ಈಗ್ಲೂ ಅಡಿಗೆಮನೇಲೇ ಇದ್ದಾರೆ. ಬೇಗ ಹೇಳಿ, ಪಲ್ಯ ಸೀಯುತ್ತೆ."

"ಓದಿದೋನ ವಿಷಯ ಕೇಳ್ಲೇಬೇಡ. ಹುಲಿ ಅಟ್ಟಿಸ್ಕೊಂಡು ಬಂದ ಹಾಗೆ ಓದ್ತಾನೆ. ಎರಡು ವರ್ಷದಿಂದ ನೋಡ್ತಿದ್ದೀನಿ, ಈಗಿನೋರಿಗೆ ಉಸಿರೇ ಇಲ್ಲ ಕಣೆ. ಒಂದೇ ಸ್ಟಾರ್ ಹಾಕು."

ಅತ್ತೆ ಬರೆದದ್ದು ಇಷ್ಟು: 'ಓದುವವರು ಇನ್ನೂ ಕೊಂಚ ನಿಧಾನಿಸಿದ್ದರೆ ಚೆನ್ನಾಗಿತ್ತು.' ಹಾಕಿದ್ದು ಮೂರು ಸ್ಟಾರ್. ಮೊದಲಿನಿಂದಲೂ ಹಾಗೇ. ಯಾರ ಮನೆಯ ಮಕ್ಕಳೋ, ಹೊಟ್ಟೆಪಾಡಿಗೆ ಗಂಟಲು ಹರಿದುಕೊಳ್ಳುತ್ತಾರೆ. ನಾವಿಲ್ಲಿ ಚಹಾ ಕುಡಿಯುತ್ತ ಅವರ ಅನ್ನಕ್ಕೆ ಕಲ್ಲು ಹಾಕುವುದೇಕೆ ಎಂಬುದು ಆಕೆಯ ಲೆಕ್ಕಾಚಾರ. ಒಂದು ಭಾನುವಾರ ಹಿಂದಿನಿಂದ ಬಂದ ಸೊಸೆ ಇದನ್ನು ಕಂಡುಹಿಡಿದಳು. ಅತ್ತೆಯ ತೋಳನ್ನು ಮೆಲ್ಲಗೆ ಚಿವುಟಿ ನಗುತ್ತ ಹೋದಳು.

ಆ್ಯಪಿನಲ್ಲಿ 'ಹಳೇ ಬೈಂಡರ್' ಎಂಬ ಹೆಸರಿಗೆ ನಿಧಾನವಾಗಿ ಒಂದು ತೂಕ ಬಂತು. ಅವರು ಏನೆನ್ನುತ್ತಾರೆಂದು ನೋಡಿಯೇ ಪುಸ್ತಕ ಆರಿಸುವವರು ಹುಟ್ಟಿಕೊಂಡರು. 'ಮಾತು ಖಡಕ್ಕು, ಆದರೆ ಯಾರ ಮನಸ್ಸನ್ನೂ ನೋಯಿಸುವುದಿಲ್ಲ' ಎಂದು ಒಬ್ಬರು ಬರೆದಿದ್ದರು. ಅದನ್ನು ಓದಿ ಹೇಳಿದಾಗ ಬೈಂಡರು ಮೀಸೆ ಸವರಿಕೊಂಡರು. ಅತ್ತೆ ಪಾತ್ರೆ ತೊಳೆಯಲು ಎದ್ದರು.

ಸೊಸೆ ಮೊದಲು ಶಿಶುವಿಹಾರದಲ್ಲಿ ಪಾಠ ಮಾಡುತ್ತಿದ್ದವಳು. ಶಾಲೆ ಮುಚ್ಚಿತು. ಒಂದೂವರೆ ವರ್ಷ ಮನೆಯಲ್ಲೇ ಕೂತು, ಲಿಫ್ಟ್ ರಿಪೇರಿಯ ಗಂಡನ ಗ್ರೀಸು ಮೆತ್ತಿದ ಬಟ್ಟೆ ಒಗೆದು, ಒಂಬತ್ತು ವರ್ಷದ ಮಗಳ ಹೋಂವರ್ಕು ಬರೆಸಿ, ಸುಮ್ಮನಾಗಿಹೋಗಿದ್ದಳು. ಒಂದು ದಿನ ಅದೇ ಆ್ಯಪಿನ ಕಂಪನಿಯವರು ಓದುವವರು ಬೇಕೆಂದು ಹಾಕಿದ್ದನ್ನು ನೋಡಿ, ಯಾರಿಗೂ ಹೇಳದೆ ಎರಡು ಪುಟ ಓದಿ ಕಳಿಸಿದಳು. ಒಪ್ಪಿಗೆಯಾಯಿತು. ಹಿಮಗಡಲಿನಲ್ಲಿ ಸಿಕ್ಕಿಬಿದ್ದ ಒಂದು ಹಡಗು, ಅದನ್ನು ಬಿಟ್ಟು ನಡೆದೇ ಮನೆಗೆ ಹೊರಟ ಇಪ್ಪತ್ತೆಂಟು ಜನ. ಓದಿದರೆ ಹದಿನಾಲ್ಕು ಗಂಟೆಯ ಪುಸ್ತಕ.

"ಇದು ಪರೀಕ್ಷೆ ಅತ್ತೆ," ಎಂದು ಅವಳು ಅಡಿಗೆಮನೆಯಲ್ಲಿ ಪಿಸುಗುಟ್ಟಿದಳು. ಕಣ್ಣು ಹೊಳೆಯುತ್ತಿದ್ದವು. "ಹೆಸರು ಹಾಕಲ್ಲ, 'ಹೊಸ ಧ್ವನಿ' ಅಂತಷ್ಟೇ ಹಾಕ್ತಾರೆ. ಒಂದು ತಿಂಗಳು ಕೇಳಿದೋರ ಅಭಿಪ್ರಾಯ ನೋಡ್ತಾರೆ. ಚೆನ್ನಾಗಿದ್ರೆ ಯುದ್ಧದ ಚರಿತ್ರೆ ಮೂರು ಸಂಪುಟ ನನಗೇ. ಎರಡು ವರ್ಷದ ಕೆಲಸ!"

"ನಿಮ್ಮ ಮಾವನಿಗೆ ಹೇಳು, ಕುಣಿದಾಡ್ತಾರೆ."

"ಅವ್ರಿಗೆ ಮಾತ್ರ ಬೇಡ. ಗೊತ್ತಾದ್ರೆ ಹೊಗಳ್ತಾರೆ. ನನಗೆ ನಿಜ ಬೇಕು. ಓದ್ತಿರೋಳು ಯಾರು ಅಂತ ಗೊತ್ತಿಲ್ದೆ ಆ ಕಿವಿ ಒಪ್ಬೇಕು."

ಗುಟ್ಟು ಕಾಯುವುದೇನೂ ಕಷ್ಟವಾಗಲಿಲ್ಲ. ಬೈಂಡರು ಬೆಳಿಗ್ಗೆ ಹೋದರೆ ಬರುವುದು ಸಂಜೆ. ಬಂದ ಮೇಲೂ ಕಿವಿಯಲ್ಲಿ ಫಿರಂಗಿ ಹಾರುತ್ತಿರುತ್ತಿತ್ತು. ಸೊಸೆಯ ಬಾಯಿಂದ ಅವರು ಕೇಳುತ್ತಿದ್ದದ್ದು "ಊಟಕ್ಕೆ ಬನ್ನಿ ಮಾವ", "ಚಹಾ ಇಟ್ಟಿದ್ದೀನಿ ಮಾವ" ಇವೆರಡೇ.

ಕಷ್ಟವಾದದ್ದು ನಿಶ್ಶಬ್ದ. ಬೀದಿಯಲ್ಲಿ ಸ್ಕೂಟರ್ ಗ್ಯಾರೇಜು, ಪಕ್ಕದ ಮನೆಯ ಮಿಕ್ಸಿ. ಮಲಗುವ ಕೋಣೆಯ ಗೋಡೆ ಬೀರುವಿನಿಂದ ಬಟ್ಟೆ ತೆಗೆದು, ಮೂರೂ ಕಡೆ ರಜಾಯಿ ನೇತುಹಾಕಿ, ಒಳಗೊಂದು ಗಿಡ್ಡ ಸ್ಟೂಲು, ಒಂದು ಮೈಕು ಇಟ್ಟದ್ದಾಯಿತು. ಆದರೂ ಗೋಡೆಯ ಆಚೆ ಅಡಿಗೆಮನೆಯ ಫ್ರಿಜ್ಜು ಗುಂಯ್ ಎನ್ನುವುದು ಕೇಳುತ್ತಿತ್ತು. ಹಾಗಾಗಿ ಮಧ್ಯಾಹ್ನ ಎರಡಕ್ಕೆ ಸೊಸೆ ಪ್ಲಗ್ ಕೀಳುವುದು, ಬೀರು ಹೊಕ್ಕು ಬಾಗಿಲೆಳೆದುಕೊಳ್ಳುವುದು. ನಾಲ್ಕಕ್ಕೆ ಅವಳು ಮಗಳನ್ನು ಕರೆತರಲು ಶಾಲೆಗೆ ಓಡುವಾಗ ಅತ್ತೆ ಪ್ಲಗ್ ಹಾಕುವುದು. ಎರಡು ತಿಂಗಳು ಹೀಗೇ ನಡೆಯಿತು.

ಆ ಎರಡು ಗಂಟೆ ಅತ್ತೆ ನಲ್ಲಿ ತಿರುಗಿಸುವ ಹಾಗಿಲ್ಲ, ಸೌಟು ಬೀಳಿಸುವ ಹಾಗಿಲ್ಲ. ಸೊಪ್ಪು ಸೋಸುತ್ತ ಕೂತರೆ ಗೋಡೆಯಾಚೆಯಿಂದ ಸೊಸೆಯ ದನಿ ಮಂದವಾಗಿ ಬರುತ್ತಿತ್ತು. ಮೊದಮೊದಲು ಹೆಮ್ಮೆಯೇ ಆಗಿತ್ತು. ಒಂದು ಮಧ್ಯಾಹ್ನ ಇಪ್ಪತ್ತೆಂಟರಲ್ಲಿ ಒಬ್ಬ ಸತ್ತ. ಅದನ್ನು ಓದಿ ಸೊಸೆ ಎಷ್ಟೋ ಹೊತ್ತು ಸುಮ್ಮನಿದ್ದಳು. ಮೂರು ವರ್ಷದ ಹಿಂದೆ ತೀರಿಕೊಂಡ ತಾಯಿ ಅವಳಿಗೆ ನೆನಪಾಗಿರಬೇಕೆಂದು ಅತ್ತೆ ಕಣ್ಣೊರೆಸಿಕೊಂಡರು. ಆದರೆ ಬರಬರುತ್ತ ಬೇರೊಂದು ಹೊಗೆಯಾಡತೊಡಗಿತು. ಈ ಮನೆಗೆ ಬಂದಾಗಿನಿಂದ ತನ್ನ ಒಂದು ಮಾತನ್ನಾದರೂ ಯಾರಾದರೂ ಕೊನೆಯವರೆಗೆ ಕೇಳಿದ್ದುಂಟೆ? ಇವಳು ಹದಿನಾಲ್ಕು ಗಂಟೆ ಮಾತಾಡುತ್ತಾಳೆ, ಫ್ರಿಜ್ಜು ಕೂಡ ಬಾಯಿ ಮುಚ್ಚಿಕೊಂಡು ಕೇಳಬೇಕು! ಹೊಟ್ಟೆಕಿಚ್ಚಿಗೆ ಬೇರೆ ಹೆಸರಿಟ್ಟರೂ ಅದು ಹೊಟ್ಟೆಕಿಚ್ಚೇ.

ಪುಸ್ತಕ ಆ್ಯಪಿಗೆ ಬಂತು. ಕಂಪನಿಯವರು ಯುದ್ಧಚರಿತ್ರೆಯ ಮೊದಲ ಅಧ್ಯಾಯವನ್ನು ಮಾದರಿಗೆಂದು ಓದಿ ಕಳಿಸಲು ಹೇಳಿದರು. ಬೀರುವಿನ ಓದು ಮುಂದುವರಿಯಿತು. ಆ ವಾರ ಮೊಮ್ಮಗಳಿಗೆ ಗಂಟಲು ನೋವು, ಜ್ವರ. ತಣ್ಣಗಿಡಬೇಕಾದ ಔಷಧಿಯ ಬಾಟಲಿ ಫ್ರಿಜ್ಜಿನ ಬಾಗಿಲಲ್ಲಿತ್ತು.

ಶನಿವಾರ ಮಧ್ಯಾಹ್ನ ಅತ್ತೆ, ಒಂದು ಗಳಿಗೆ ಬೆನ್ನು ನೆಟ್ಟಗೆ ಮಾಡೋಣವೆಂದು ನಡುಮನೆಯಲ್ಲಿ ಒರಗಿದವರು, ಎದ್ದಾಗ ಆರು ಗಂಟೆ. ಶಾಲೆಗೆ ಹೋಗದ ಮಗಳ ನೋಟ್ಸ್ ತರಲು ಸೊಸೆ ಅಂದೂ ನಾಲ್ಕಕ್ಕೇ ಹೊರಗೆ ಓಡಿದ್ದಳು. ಮಗ ಕೆಲಸದಿಂದ ಬಂದು ನೀರಿಗೆಂದು ಫ್ರಿಜ್ಜು ತೆಗೆದವನು ಒದ್ದೆ ನೆಲದ ಮೇಲೆ ಜಾರಿದ. ಹಾಲು ಒಡೆದಿತ್ತು. ಔಷಧಿ ಬಾಟಲಿ ಬೆಚ್ಚಗಿತ್ತು.

"ಏನಾಯ್ತು?" ಎಂದು ಬೈಂಡರು ಒಂದು ಕಿವಿಯ ಇಯರ್‌ಫೋನ್ ತೆಗೆದು ನಡುಮನೆಯಿಂದಲೇ ಕೂಗಿದರು.

"ಕರೆಂಟ್ ಹೋಗಿತ್ತು," ಎಂದ ಮಗ. ಇಯರ್‌ಫೋನ್ ವಾಪಸು ಕಿವಿಗೆ ಹೋಯಿತು.

ಸೊಸೆ ಬಾಟಲಿಯನ್ನು ಸಿಂಕಿಗೆ ಸುರಿದಳು. ದನಿ ಏರಿಸುವಂತಿರಲಿಲ್ಲ; ಏರಿಸದೆ ಆಡಿದ್ದಕ್ಕೇ ಮಾತು ಇನ್ನೂ ಚೂಪಾಯಿತು. "ಮಗೂಗೆ ಜ್ವರ ಇದೆ ಅತ್ತೆ. ದಿನವಿಡೀ ಮನೇಲೇ ಇರ್ತೀರಿ, ಒಂದು ಪ್ಲಗ್ ಹಾಕೋದು ನೆನಪಿರಲ್ವಾ? ನಿಮಗೆ ಬೇರೇನು ಕೆಲಸ?"

"ಬಿಡೇ. ಅಮ್ಮಂಗೂ ವಯಸ್ಸಾಯ್ತು," ಎಂದ ಮಗ. ಗಾಯಕ್ಕೆ ಉಪ್ಪು ಸವರಿದ ಹಾಗಾಯಿತು.

"ಹೌದಪ್ಪ, ನನಗೇನು ಕೆಲಸ," ಎಂದರು ಅತ್ತೆ. "ಇಪ್ಪತ್ತೆಂಟು ಜನರನ್ನ ನಾನೇನು ಹಿಮದಲ್ಲಿ ನಡೆಸ್ಕೊಂಡು ಬರ್ಬೇಕಾ?" ನೆಲ ಒರೆಸುವ ಬಟ್ಟೆ ಹಿಡಿದು ಕೂತರು. ಸೊಸೆ ಬಾಗಿ ತಾನು ಒರೆಸುತ್ತೇನೆಂದು ಕೈ ಚಾಚಿದಳು, ಅತ್ತೆ ಕೊಡಲಿಲ್ಲ.

ಮರುದಿನ ಭಾನುವಾರ. ಸೊಸೆ ಹೊಸ ಔಷಧಿಗೆಂದು ಮಗಳನ್ನು ಕರೆದುಕೊಂಡು ಡಾಕ್ಟರ ಹತ್ತಿರ ಹೋಗಿದ್ದಳು. ಎರಡನೇ ಲೋಟ ಚಹಾ ಬಂತು. ವಯರು ಬೆರಳಿಗೆ ಸುತ್ತಿಕೊಂಡಿತು.

"ಬರ್ಕೋ. ಹಿಮದಲ್ಲಿ ಹಡಗು ಸಿಕ್ಕಾಕ್ಕೊಂಡಿದ್ದು."

ಅತ್ತೆಯ ಬೆರಳು ನಿಂತಿತು.

"ಕಥೆ ಚಿನ್ನ. ಓದಿದೋಳು ತಾಮ್ರ ಮಾಡಿಟ್ಟಿದ್ದಾಳೆ. ಹಸಿವು ತಡೀಲಾರ್ದೆ ಬೂಟು ಬೇಯಿಸ್ಕೊಂಡು ತಿಂತಿದ್ದಾರೆ, ಇವಳು ಬಸ್ಸು ತಪ್ಪೋಗುತ್ತೆ ಅನ್ನೋ ಹಾಗೆ ಓದ್ತಾಳೆ. ಒಬ್ಬ ಸತ್ತ. ಅವನ ಮೇಲೆ ಒಂದು ಹಿಡಿ ಹಿಮ ಹಾಕೋಷ್ಟು ಹೊತ್ತೂ ನಿಲ್ಲಲ್ಲ, ಮುಂದಿನ ಸಾಲಿಗೆ ಓಡ್ತಾಳೆ. ತನ್ನೋರು ಅನ್ನೋರು ಯಾರೂ ಸತ್ತಿಲ್ವೇನೋ ಈ ಹೆಂಗಸಿಗೆ. ಹೊಸ ಧ್ವನಿಯಂತೆ! ಇಂಥೋರ ಕೈಗೆ ಇನ್ನೊಂದು ಪುಸ್ತಕ ಕೊಡ್ಬೇಡಿ. ಒಂದೇ ಸ್ಟಾರ್."

ಒಂದು ಮಾತು ಸಾಕಿತ್ತು. ರೀ, ಅದು ನಮ್ಮ ಹುಡುಗಿ ಎಂದರೆ ಆಯಿತು. ಅದೂ ಬೇಡ, ಎಂದಿನಂತೆ 'ಕೊಂಚ ನಿಧಾನಿಸಿದ್ದರೆ' ಎಂದು ಬರೆದು ಮೂರು ಒತ್ತಿದ್ದರೆ ಆಯಿತು. ಅತ್ತೆ ಕನ್ನಡಕ ಸರಿಮಾಡಿಕೊಂಡರು.

"ಹೇಳಿದ್ದು ಹೇಳಿದ ಹಾಗೇ ಬರೀಲಾ?"

"ಮತ್ತೆ ಇನ್ನೇನು?"

ನಿಜ ಬೇಕು ಅಂದಿದ್ದಳಲ್ಲ, ತಗೊಳ್ಳಲಿ ಎಂದುಕೊಂಡರು ಅತ್ತೆ. ಒಂದಕ್ಷರ ಬಿಡದೆ ಬರೆದರು. ಒಂದೇ ಸ್ಟಾರ್ ಒತ್ತಿದರು. ಕಳಿಸಿದರು. ಆಮೇಲೆ ಹೋಗಿ ಪಲ್ಯ ತಿರುವಿದರು.

ಮಧ್ಯಾಹ್ನ ಸೊಸೆ ಮೊಬೈಲು ಹಿಡಿದು ಅಡಿಗೆಮನೆಯ ಬಾಗಿಲಲ್ಲಿ ನಿಂತಳು.

"ಅತ್ತೆ, ಮಾವ ಇದನ್ನೇ ಹೇಳಿದ್ರಾ? ಹೀಗೇ?"

"ಅವರ ಬಾಯಿಂದ ಬಂದಿದ್ದೇ. ನಾನ್ಯಾಕೆ ಕಟ್ಟಿ ಹೇಳ್ಲಿ?"

"ಹಾಗಲ್ಲ," ಎಂದು ಏನೋ ಕೇಳಲು ಹೊರಟವಳು ಕೇಳಲಿಲ್ಲ. "ಸರಿ. ಕಿವಿ ಪಳಗಿದೋರು. ಅವ್ರಿಗೆ ಹಾಗೆ ಅನ್ಸಿದ್ರೆ ಹಾಗೇ ಇರ್ಬೇಕು."

ಅವಳು ಕೂಗಾಡಿದ್ದರೆ ಅತ್ತೆಗೆ ಸಮಾಧಾನವಾಗುತ್ತಿತ್ತು. ಅವಳು ಅನ್ನಕ್ಕೆ ಅಕ್ಕಿ ತೊಳೆದಳು. ಅತ್ತೆಯ ಸಿಟ್ಟು ಅಲ್ಲೇ ಇಳಿದುಹೋಯಿತು. ಅದರ ಜಾಗಕ್ಕೆ ಬಂದದ್ದು ಅದಕ್ಕಿಂತ ಕೆಟ್ಟದ್ದು.

ಸಂಜೆ ತಿದ್ದೋಣವೆಂದುಕೊಂಡರು. ಗಂಡ ಯಾಕೆಂದು ಕೇಳಿದರೆ ಏನು ಹೇಳುವುದು? ನಾಳೆ ನೋಡೋಣ ಎಂದರು. ನಾಳೆಯ ಹೊತ್ತಿಗೆ ಇನ್ನೂರು ಚಿಲ್ಲರೆ ಜನ ಹೌದು ಹೌದೆಂದು ಒತ್ತಿದ್ದರು. 'ಹಳೇ ಬೈಂಡರೇ ಒಂದು ಸ್ಟಾರ್ ಕೊಟ್ಟ ಮೇಲೆ ಕೇಳುವುದೇನು' ಎಂದು ಕೇಳದವರೂ ಬರೆದರು. ನಾಲ್ಕು ಜನ ಚೆನ್ನಾಗಿದೆ ಎಂದದ್ದು ಆ ಗದ್ದಲದಲ್ಲಿ ಮುಚ್ಚಿಹೋಯಿತು. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತಿಯಲ್ಲಿ ಬಂದೀತೇ?

ತಿಂಗಳು ತುಂಬಿತು. ಕಂಪನಿಯಿಂದ ಎರಡು ಸಾಲು ಬಂತು: ಯುದ್ಧಚರಿತ್ರೆಯನ್ನು ಬೇರೊಬ್ಬರಿಂದ ಓದಿಸುತ್ತಿದ್ದೇವೆ, ನಿಮಗೆ ಒಳ್ಳೆಯದಾಗಲಿ. ಸೊಸೆ ಅದನ್ನು ಸಿಂಕಿನ ಮುಂದೆ ನಿಂತೇ ಓದಿ, ಮೊಬೈಲನ್ನು ಒಣಗಿದ ತಟ್ಟೆಗಳ ಮೇಲೆ ಬೋರಲಿಟ್ಟು, ಉಳಿದ ಪಾತ್ರೆ ತೊಳೆದಳು. ಆ ಶನಿವಾರ ಬೀರುವಿನಿಂದ ರಜಾಯಿಗಳು ಇಳಿದವು. ಮೈಕು ಪೆಟ್ಟಿಗೆ ಸೇರಿತು. ಸ್ಟೂಲು ಬಚ್ಚಲಿಗೆ ಹೋಯಿತು.

"ಇನ್ನೊಂದು ಕಡೆ ಕಳಿಸಿ ನೋಡೇ," ಎಂದ ಅವಳ ಗಂಡ.

"ಉಸಿರಿಲ್ಲದೋಳ ದನಿ ಯಾರಿಗ್ರೀ ಬೇಕು?" ಎಂದಳು ಸೊಸೆ. ಹದಿನೈದು ದಿನದಲ್ಲಿ ಎರಡು ಬೀದಿ ಆಚೆಯ ಒಂದು ಕ್ಲಿನಿಕ್ಕಿನಲ್ಲಿ ಟೋಕನ್ ನಂಬರ್ ಕೂಗುವ ಕೆಲಸ ಹುಡುಕಿಕೊಂಡಳು. ಭಾನುವಾರವೂ ಹೋಗಬೇಕು.

ಇನ್ನೊಂದು ತಿಂಗಳು ಕಳೆದ ಮೇಲಿನ ಮಾತು. ಭಾನುವಾರ, ಚಹಾದ ಹೊತ್ತು. ಬೈಂಡರು ಸ್ನಾನಕ್ಕೆ ಹೋಗಿದ್ದಾಗ ಮೊಮ್ಮಗಳು ಅವರ ಮೊಬೈಲು ಎತ್ತಿಕೊಂಡು, ಇಯರ್‌ಫೋನ್ ಕಿತ್ತು, ಹಡಗಿನ ಚಿತ್ರ ಒತ್ತಿದಳು. ಅಮ್ಮ ಮನೆಯಲ್ಲಿಲ್ಲದೆ ಬೇಜಾರು, ದನಿಯಾದರೂ ಇರಲಿ ಎಂದು. ಕೋಣೆಯ ತುಂಬ ಒಂದು ದನಿ ತಡಬಡಿಸಿ ಓಡಿತು.

"ಅಜ್ಜೀ, ಅಮ್ಮ ಯಾಕೆ ಹೀಗೆ ಓಡ್ತಿದ್ದಾಳೆ?"

"ಹೀಗೇ ಓದಿದ್ಳೇನೋ ಕಣೆ. ಗೋಡೆಯಾಚೆ ನನಗೆ ನಿಧಾನ ಅನ್ನಿಸ್ತಿತ್ತು."

"ಇಲ್ಲ. ರಜೇಲಿ ನಾನೂ ಬಾಗಿಲ ಹಿಂದೆ ನಿಂತು ಕೇಳಿಲ್ವಾ?" ಮಗು ಪರದೆಯನ್ನು ಅಲ್ಲಿ ಇಲ್ಲಿ ಮುಟ್ಟಿ ಹುಡುಕಿತು. "ತಾತಂದು ಒಂದೂವರೆ ಸ್ಪೀಡಲ್ಲಿದೆ! ಸುಮ್ಮನಿರೋ ಜಾಗ ಹಾರಿಸೋದೂ ಆನ್ ಇದೆ. ನಾನು ಎರಡನೇ ಕ್ಲಾಸಲ್ಲಿದ್ದಾಗ ಕೋಟೆ ಮುತ್ತಿಗೆ ಕಥೆಗೆ ನಾನೇ ಹಾಕಿಕೊಟ್ಟಿದ್ದೆ. ಓದೋನು ತುಂಬಾ ನಿಧಾನ, ಕೋಟೆ ಬೀಳೋದ್ರೊಳಗೆ ನಾನೇ ಬಿದ್ದೋಗ್ತೀನಿ ಅಂದಿದ್ರಲ್ಲ, ಆಗ. ವಾಪಸ್ ತೆಗೆದೇ ಇಲ್ಲ."

ಎರಡು ವರ್ಷ. ಎರಡು ವರ್ಷದ ಸೇನಾಪತಿಗಳು, ನಾವಿಕರು, ರಾಜರುಗಳನ್ನೆಲ್ಲ ದಂಡನಾಯಕರು ತಾವೇ ಅಟ್ಟಿಸಿಕೊಂಡು ಹೋಗಿ, ಉಸಿರಿಲ್ಲವೆಂದು ಬೈದಿದ್ದರು.

ಮಗು ಸ್ಪೀಡು ಇಳಿಸಿ, ಹಾರಿಸುವುದನ್ನೂ ತೆಗೆಯಿತು. ಸತ್ತವನ ಭಾಗ ಬಂತು. ಟವೆಲು ಹೆಗಲಿಗೆ ಹಾಕಿಕೊಂಡು ಬಂದ ಬೈಂಡರು ಬಾಗಿಲಲ್ಲೇ ನಿಂತುಬಿಟ್ಟರು. ದನಿ ಒಂದೊಂದೇ ಮಾತನ್ನು ಕೆಳಗಿಡುತ್ತಿತ್ತು. ಇಪ್ಪತ್ತೇಳು ಜನ ಟೋಪಿ ತೆಗೆದರು. ಯಾರಿಗೂ ಮಾತು ಬರಲಿಲ್ಲ. ದನಿಗೂ ಬರಲಿಲ್ಲ. ಬೈಂಡರ ಒದ್ದೆ ತಲೆಯಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

"ಇದು ನಮ್ಮ ಹುಡುಗಿ ಅಲ್ವೇನೇ?"

"ಅಮ್ಮ ಬೀರುಲಿ ಕೂತು ಓದಿದ್ದು ತಾತ," ಎಂದಿತು ಮಗು.

ಅತ್ತೆ ಎಲ್ಲವನ್ನೂ ಹೇಳಿದರು: ಬೀರು, ಪರೀಕ್ಷೆ, ಮೂರು ಸಂಪುಟ, ಒಂದೂವರೆ ಸ್ಪೀಡು. ಬೈಂಡರು ಕುರ್ಚಿ ಎಳೆದುಕೊಂಡು ಕೂತರು.

"ನಾನು ಅಂದಿದ್ದನ್ನ ಹಾಗ್ಹಾಗೇ ಹಾಕಿಬಿಟ್ಟೆಯಾ?"

ಅತ್ತೆ ಬೆಚ್ಚಿದರು. "ನಾನು ತಿದ್ತೀನಿ ಅಂತ ನಿಮಗೆ ಗೊತ್ತಿತ್ತಾ?"

"ಬೈಂಡಿಂಗ್ ಶಾಪಿನ ಹುಡುಗ್ರು ಹಿಂದೆ ಒಂದೆರಡು ಸಲ ಓದಿ ಹೇಳಿದ್ರು. ನೀನು ಇದ್ದೀಯಲ್ಲ ಅಂತ್ಲೇ ಬಾಯಿಗೆ ಬಂದಂಗೆ ಅಂತಿದ್ದೆ ಕಣೆ."

ಅಂದೇ ಹೊಸ ಅಭಿಪ್ರಾಯ ಬರೆಸಿದರು. ತಪ್ಪು ಕಿವಿಯದು, ದನಿಯದಲ್ಲ ಎಂದು ಶುರುಮಾಡಿ ಐದು ಸ್ಟಾರ್. ಸೋಮವಾರ ಕೆಲಸ ಬಿಟ್ಟು ಕಂಪನಿಗೆ ಫೋನು ಹಚ್ಚಿದರು. ಯುದ್ಧಚರಿತ್ರೆಯ ಮೊದಲ ಸಂಪುಟ ಆಗಲೇ ಓದಿ ಮುಗಿದಿತ್ತು. ಆಗಿಹೋಯಿತು ಸಾರ್ ಎಂದರು. ಸಂಜೆ ಸೊಸೆ ಚಪ್ಪಲಿ ಬಿಡುತ್ತಿದ್ದಂತೆ ಎದುರು ಹೋಗಿ ನಿಂತರು.

"ತಪ್ಪಾಯ್ತಮ್ಮ. ಓಡಿದ್ದು ನನ್ನ ಮೊಬೈಲು, ನೀನಲ್ಲ. ದೊಡ್ಡ ಕಿವಿ ಅಂತ ಮೆರೀತಿದ್ದೆ."

"ನಿಮಗೇನು ಗೊತ್ತಿತ್ತು ಮಾವ, ಬಿಡಿ. ಚಹಾ ಕುಡಿದ್ರಾ?" ಅವಳ ದನಿ ಒಡೆದಿತ್ತು. ದಿನಕ್ಕೆ ಇನ್ನೂರು ನಂಬರು ಕೂಗಿದರೆ ಗಂಟಲು ಇನ್ನೇನಾದೀತು?

ಬೈಂಡರದು ಅಲ್ಲಿಗೆ ಮುಗಿಯಿತು. ತನ್ನದು ಮುಗಿದಿಲ್ಲವೆಂದು ಅತ್ತೆಗೆ ಗೊತ್ತಿತ್ತು. ಮರುದಿನ ಸಂಜೆ ಇಬ್ಬರೂ ಒಣಗಿದ ಬಟ್ಟೆ ಮಡಿಸುತ್ತ ನಿಂತಿದ್ದಾಗ, ಬೆಡ್‌ಶೀಟಿನ ಎರಡು ತುದಿ ತಾನು ಹಿಡಿದು ಎರಡು ತುದಿ ಸೊಸೆಗೆ ಕೊಟ್ಟು, ಆಕೆ ಬಾಯಿ ಬಿಟ್ಟರು.

"ಅವತ್ತು ತಿದ್ದಬಹುದಿತ್ತು. ಬೇಕಂತ್ಲೇ ತಿದ್ಲಿಲ್ಲ. ಫ್ರಿಜ್ಜಿನ ಮಾತಿಗೆ ಸಿಟ್ಟಿತ್ತು." ಬೆಡ್‌ಶೀಟು ಇಬ್ಬರ ನಡುವೆ ಜೋಲಾಡಿತು. "ನಿಜ ಬೇಕು ಅಂತ ನೀನೇ ಅಂದಿದ್ದೆಯಲ್ಲ ಅಂತ ನನಗೆ ನಾನೇ ಹೇಳ್ಕೊಂಡೆ."

ಸೊಸೆ ಬೆಡ್‌ಶೀಟನ್ನು ಎಳೆದು ಸುಕ್ಕು ಬಿಡಿಸಿದಳು. ಒಂದು ಮಡಿಕೆ, ಮತ್ತೊಂದು ಮಡಿಕೆ. ಮಡಿಸುತ್ತ ಮಡಿಸುತ್ತ ಹತ್ತಿರ ಬಂದು, ಅತ್ತೆಯ ಕೈಯಿಂದ ತುದಿಗಳನ್ನು ತೆಗೆದುಕೊಂಡಳು.

"ಅಂದಿದ್ದೆ ಅತ್ತೆ," ಎಂದಳು ಆ ಒಡೆದ ದನಿಯಲ್ಲಿ. "ಬರೆಯೋರು ನೀವಲ್ವಾ ಅನ್ನೋ ಧೈರ್ಯದ ಮೇಲೆ ಅಂದಿದ್ದೆ."

ಅವಳು ಬೆಡ್‌ಶೀಟನ್ನು ಒಯ್ದು ಗೋಡೆ ಬೀರುವಿನಲ್ಲಿ, ಮೈಕು ಇದ್ದ ಜಾಗದಲ್ಲಿ ಇಟ್ಟು ಬಾಗಿಲು ಹಾಕಿದಳು. ಅಡಿಗೆಮನೆಯಲ್ಲಿ ಫ್ರಿಜ್ಜು ಗುಂಯ್ ಎನ್ನುತ್ತಿತ್ತು. ಈಗ ಅದನ್ನು ಯಾರೂ ನಿಲ್ಲಿಸುತ್ತಿರಲಿಲ್ಲ.